ಹಣ್ಣು ಹಂಚಿ ಬಂದ ಮೇಲೆ ಮಕ್ಕಳು ಕಲಿತದ್ದೇನು?

ಪ್ರಶ್ನೆ: ನಾನು ಕೋಲಾರ ತಾಲ್ಲೂಕಿನಲ್ಲಿ ಚರ್ಚ್ ಸಂಸ್ಥೆಯೊಂದು ನಡೆಸುವ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ. ಒಂಬತ್ತನೆಯ ತರಗತಿಯ ಪ್ರತಿ ವಿದ್ಯಾರ್ಥಿಯೂ ವರ್ಷಕ್ಕೆ ನಲವತ್ತು ಗಂಟೆ ‘ಕ್ರೈಸ್ತ ಸಮುದಾಯ ಸೇವೆ’ ಮಾಡಬೇಕೆಂದು ನಮ್ಮ ಆಡಳಿತ ಮಂಡಳಿ ನಿಯಮ ಮಾಡಿದೆ. ಅದರ ಹೊಣೆ ನನ್ನದು. ಈವರೆಗೆ ನಡೆದುಬಂದಿರುವುದು ಇಷ್ಟೇ: ಕ್ರಿಸ್‌ಮಸ್ ಹತ್ತಿರ ಬಂದಾಗ ವೃದ್ಧಾಶ್ರಮಕ್ಕೆ ಹಣ್ಣು, ಬ್ರೆಡ್ಡು ಕೊಂಡೊಯ್ಯುತ್ತೇವೆ, ಮಕ್ಕಳು ಹಾಡುತ್ತಾರೆ, ಫೋಟೊ ತೆಗೆಸಿಕೊಂಡು ಬರುತ್ತೇವೆ, ಉಳಿದ ಗಂಟೆಗಳು ಶಾಲೆಯ ಆವರಣ ಗುಡಿಸುವುದರಲ್ಲಿ ತುಂಬುತ್ತವೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಹಿಂದೂ ಮತ್ತು ಮುಸ್ಲಿಂ ಮನೆಗಳಿಂದ ಬರುವವರು. ಹೋದ ವರ್ಷ ಇಬ್ಬರು ಪೋಷಕರು, ಇದು ಮತಾಂತರಕ್ಕೆ ದಾರಿಯೇ ಎಂದು ನೇರವಾಗಿಯೇ ಕೇಳಿದರು. ಮಕ್ಕಳು ನಿಜವಾಗಿ ಏನನ್ನಾದರೂ ಕಲಿಯುವಂತೆ, ಯಾರ ಮನಸ್ಸಿಗೂ ನೋವಾಗದಂತೆ, ಸಂಸ್ಥೆಯ ಕ್ರೈಸ್ತ ಉದ್ದೇಶವೂ ಸುಳ್ಳಾಗದಂತೆ ಇದನ್ನು ನಡೆಸುವುದು ಹೇಗೆ?

ಉತ್ತರ: ನೀವು ಕೇಳಿರುವುದು ಮೂರು ಪ್ರಶ್ನೆಗಳಂತೆ ಕಂಡರೂ ಅವುಗಳ ಬೇರು ಒಂದೇ. ಯಾರ ಸೇವೆಗೆಂದು ಮಕ್ಕಳನ್ನು ಕರೆದೊಯ್ಯುತ್ತೀರೋ ಅವರನ್ನು ಈವರೆಗೆ ಯಾರೂ ಏನನ್ನೂ ಕೇಳಿಲ್ಲ. ಅವರಿಗೆ ಏನು ಬೇಕೆಂದು ಕೇಳಿಲ್ಲ, ಅವರಿಗೆ ಏನು ಗೊತ್ತಿದೆಯೆಂದೂ ಕೇಳಿಲ್ಲ. ಕೊಡುವವರು ನಾವು, ತೆಗೆದುಕೊಳ್ಳುವವರು ಅವರು ಎಂಬ ಏರ್ಪಾಡು ಇರುವವರೆಗೆ ಮಕ್ಕಳು ಕಲಿಯುವುದು ಕೊಡುವವರ ಸಾಲಿನಲ್ಲಿ ನಿಲ್ಲುವುದನ್ನು ಮಾತ್ರ. ಪೋಷಕರಿಗೆ ಅನುಮಾನ ಹುಟ್ಟುವುದೂ ಅಲ್ಲಿಂದಲೇ, ಏಕೆಂದರೆ ಕೇಳದೆ ಕೊಡುವವರ ಉದ್ದೇಶವನ್ನು ಜನ ಯಾವಾಗಲೂ ಶಂಕಿಸುತ್ತಾರೆ. ಸೇವೆ ಪಡೆಯುವವರನ್ನೇ ಮಕ್ಕಳ ಗುರುಗಳ ಸ್ಥಾನದಲ್ಲಿ ಕೂರಿಸಿದರೆ ಕಲಿಕೆಯೂ ಸರಿಹೋಗುತ್ತದೆ, ಅನುಮಾನವೂ ಬಹುಮಟ್ಟಿಗೆ ಕರಗುತ್ತದೆ, ಕ್ರೈಸ್ತ ಎಂಬ ಹೆಸರಿಗೂ ಅರ್ಥ ಬರುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಇದು ಹೊಸ ವಿಚಾರವೇನಲ್ಲ. ಸೇವೆ ಮತ್ತು ಕಲಿಕೆಯನ್ನು ಒಂದಾಗಿ ಕಾಣುವ ಶಿಕ್ಷಣ ಪದ್ಧತಿಗೆ ಅಮೆರಿಕದಲ್ಲಿ 1967ರ ಸುಮಾರಿಗೆ ಹೆಸರು ಕೊಟ್ಟವರಲ್ಲಿ ಒಬ್ಬರಾದ ರಾಬರ್ಟ್ ಸಿಗ್ಮನ್ ಅವರು 1979ರಲ್ಲಿ ಅದಕ್ಕೆ ಮೂರು ಸೂತ್ರಗಳನ್ನು ಹೇಳಿದರು. ಯಾವ ಸೇವೆ ನಡೆಯಬೇಕೆಂಬುದರ ಹಿಡಿತ ಸೇವೆ ಪಡೆಯುವವರ ಕೈಯಲ್ಲಿರಬೇಕು; ಆ ಸೇವೆಯಿಂದ ಅವರು ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳಲು ಇನ್ನಷ್ಟು ಶಕ್ತರಾಗಬೇಕು; ಸೇವೆ ಮಾಡುವವರೂ ಕಲಿಯುವವರೇ ಆಗಿದ್ದು, ಏನನ್ನು ಕಲಿಯಬೇಕೆಂಬುದರಲ್ಲಿ ಅವರ ಮಾತೂ ನಡೆಯಬೇಕು. ನಿಮ್ಮ ಶಾಲೆಯ ಹಣ್ಣು ಹಂಚುವ ಕಾರ್ಯಕ್ರಮವನ್ನು ಈ ಮೂರರ ಮುಂದೆ ಇಟ್ಟು ನೋಡಿದರೆ ಒಂದರಲ್ಲಿಯೂ ಅದು ನಿಲ್ಲುವುದಿಲ್ಲ. ಆದರೆ ವೃದ್ಧಾಶ್ರಮವನ್ನು ಬಿಡಬೇಕಾಗಿಲ್ಲ. ಅಲ್ಲಿಗೆ ಹೋಗುವ ರೀತಿಯನ್ನು ಬದಲಿಸಿದರೆ ಸಾಕು.

ಮೊದಲು ಮಕ್ಕಳಿಲ್ಲದೆ ನೀವೊಬ್ಬರೇ ಹೋಗಿ, ಮೇಲ್ವಿಚಾರಕರನ್ನು ಮಾತ್ರವಲ್ಲ, ಅಡುಗೆಯವರನ್ನೂ ಅಲ್ಲಿರುವ ಅಜ್ಜಿ ತಾತಂದಿರನ್ನೂ ಮಾತನಾಡಿಸಿ ಬನ್ನಿ. ಅಡುಗೆಯವರು ಮೊದಲು ಹೇಳುವ ಮಾತು ಬಹುಶಃ ಸಕ್ಕರೆ ಕಾಯಿಲೆಯದೇ ಆಗಿರುತ್ತದೆ: ಡಿಸೆಂಬರ್‌ನಲ್ಲಿ ಒಂದೇ ವಾರ ನಾಲ್ಕಾರು ತಂಡಗಳು ಬಾಳೆಹಣ್ಣು, ಸಿಹಿ ಬ್ರೆಡ್ಡು, ಕೇಕು ತಂದು ಸುರಿಯುತ್ತವೆ, ಅವುಗಳಲ್ಲಿ ಅರ್ಧ ತಿನ್ನಬಾರದವರ ಕೈಗೆ ಹೋಗುತ್ತದೆ, ಜನವರಿ ಕಳೆದ ಮೇಲೆ ಯಾರೂ ಇತ್ತ ತಲೆ ಹಾಕುವುದಿಲ್ಲ. ವೃದ್ಧರನ್ನು ಕೇಳಿದರೆ ತಿಂಡಿಯ ಮಾತು ಬರುವುದೇ ಅಪರೂಪ. ಕನ್ನಡಕದ ಕಡ್ಡಿ ಮುರಿದಿರುತ್ತದೆ, ಮಗಳ ನಂಬರಿಗೆ ಫೋನು ಹಚ್ಚಿಕೊಡುವವರು ಬೇಕಾಗಿರುತ್ತಾರೆ, ಬ್ಯಾಂಕಿನಿಂದ ಬಂದ ಕಾಗದವನ್ನು ಓದಿ ಹೇಳುವವರು ಬೇಕಾಗಿರುತ್ತಾರೆ, 65 ವರ್ಷ ದಾಟಿದವರಿಗೆ ಬರಬೇಕಾದ ಸಂಧ್ಯಾ ಸುರಕ್ಷಾ ಪಿಂಚಣಿ ಎಂದೋ ನಿಂತುಹೋಗಿದ್ದು ಯಾಕೆ ನಿಂತಿತೆಂದು ಅವರಿಗೆ ತಿಳಿದಿರುವುದಿಲ್ಲ. ಕೋಲಾರದ ಕಡೆಯ ಅನೇಕ ಹಿರಿಯರಿಗೆ ತೆಲುಗು ಬರುವಷ್ಟು ಸರಾಗವಾಗಿ ಕನ್ನಡ ಬರುವುದಿಲ್ಲ, ಕೆ.ಜಿ.ಎಫ್. ಕಡೆಯವರಾದರೆ ತಮಿಳು. ನಿಮ್ಮ ತರಗತಿಯಲ್ಲಿ ಮನೆಯಲ್ಲಿ ತೆಲುಗು ಆಡುವ, ತಮಿಳು ಆಡುವ, ಉರ್ದು ಆಡುವ ಮಕ್ಕಳಿದ್ದಾರೆ. ತರಗತಿಯಲ್ಲಿ ಕನ್ನಡ ಸರಿಯಾಗಿ ಬರೆಯುವುದಿಲ್ಲವೆಂದು ಬೈಸಿಕೊಳ್ಳುವ ಆ ಮಗುವೇ ಅಲ್ಲಿ ಎಲ್ಲರಿಗಿಂತ ಬೇಕಾದ ಮಗುವಾಗುತ್ತದೆ. ಇದೊಂದು ಬದಲಾವಣೆಯೇ ಆ ಮಗುವಿನ ವರ್ಷವನ್ನು ಬದಲಿಸುವುದನ್ನು ನಾನು ಹಲವು ಶಾಲೆಗಳಲ್ಲಿ ಕಂಡಿದ್ದೇನೆ.

ಎರಡನೆಯದಾಗಿ, ಅರವತ್ತು ಮಕ್ಕಳ ಗುಂಪನ್ನು ಒಮ್ಮೆ ಬಸ್ಸಿನಲ್ಲಿ ತುಂಬಿಕೊಂಡು ಹೋಗುವುದನ್ನು ನಿಲ್ಲಿಸಿ. ನಾಲ್ಕೈದು ಮಕ್ಕಳ ಸಣ್ಣ ತಂಡ ಒಬ್ಬರೋ ಇಬ್ಬರೋ ಹಿರಿಯರ ಜೊತೆಗೆ ವರ್ಷವಿಡೀ ಸಂಬಂಧ ಇಟ್ಟುಕೊಳ್ಳಲಿ, ಹದಿನೈದು ದಿನಕ್ಕೊಮ್ಮೆ ಒಂದೂವರೆ ಗಂಟೆ ಹೋಗಿ ಬರಲಿ. ಮೊದಲ ಎರಡು ಭೇಟಿಗಳಲ್ಲಿ ಮಕ್ಕಳಿಗೆ ಏನು ಮಾತನಾಡಬೇಕೆಂದು ತಿಳಿಯುವುದಿಲ್ಲ, ಗೋಡೆ ನೋಡುತ್ತ ಕೂರುತ್ತಾರೆ. ಆ ಮುಜುಗರವನ್ನು ಹಾಡಿನಿಂದಲೋ ಆಟದಿಂದಲೋ ಮುಚ್ಚಲು ಹೋಗಬೇಡಿ. ಮೂರನೆಯ ಸಲಕ್ಕೆ ಅಜ್ಜಿಯೇ ಮಗುವಿನ ಹೆಸರು ಹಿಡಿದು ಕರೆದು, ಹೋದ ಸಲ ಬಾರದವನು ಯಾಕೆ ಬರಲಿಲ್ಲವೆಂದು ವಿಚಾರಿಸುತ್ತಾಳೆ. ಅಲ್ಲಿಂದ ಮುಂದೆ ನಡೆಯುವುದನ್ನು ಯಾವ ಪಠ್ಯಪುಸ್ತಕವೂ ಕೊಡಲಾರದು. ಕೆರೆ ತುಂಬಿ ಕೋಡಿ ಹರಿಯುತ್ತಿದ್ದ ಕಾಲ ಯಾವುದು, ತೆರೆದ ಬಾವಿಯಲ್ಲಿ ಎಷ್ಟು ಮೆಟ್ಟಿಲಿಗೆ ನೀರು ಸಿಗುತ್ತಿತ್ತು, ಕೊಳವೆಬಾವಿ ಊರಿಗೆ ಮೊದಲು ಬಂದದ್ದು ಯಾರ ಹೊಲಕ್ಕೆ, 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದಾಗ ಕೆ.ಜಿ.ಎಫ್.ನ ಮನೆಗಳಲ್ಲಿ ಏನಾಯಿತು ಎಂಬುದನ್ನೆಲ್ಲ ಕಂಡವರ ಬಾಯಿಂದಲೇ ಕೇಳಿ ಬರೆದುಕೊಂಡರೆ ನಿಮ್ಮ ಸಮಾಜ ವಿಜ್ಞಾನದ ಪಾಠ ಅಲ್ಲೇ ನಡೆದುಹೋಗುತ್ತದೆ. ನಿಂತ ಪಿಂಚಣಿಯ ಬೆನ್ನು ಹತ್ತಿ, ಆಧಾರ್ ಜೋಡಣೆಯಲ್ಲಿ ತಪ್ಪಾಗಿದೆಯೇ, ಅರ್ಜಿ ನಾಡಕಚೇರಿಯಲ್ಲಿ ಎಲ್ಲಿ ನಿಂತಿದೆ ಎಂದು ಶಿಕ್ಷಕರ ಜೊತೆಗೆ ಹೋಗಿ ವಿಚಾರಿಸಿದ ಮಗುವಿಗೆ ಪೌರನೀತಿಯನ್ನು ಮತ್ತೆ ಕಲಿಸಬೇಕಾಗುವುದಿಲ್ಲ. ಆ ಪಿಂಚಣಿ ಮತ್ತೆ ಬರಲು ಶುರುವಾದರೆ, ಮಕ್ಕಳು ಹೋಗಲಿ ಬಿಡಲಿ, ಆ ಹಿರಿಯರಿಗೆ ಅದು ತಿಂಗಳು ತಿಂಗಳೂ ಒದಗುತ್ತದೆ. ಸಿಗ್ಮನ್ ಅವರ ಎರಡನೆಯ ಸೂತ್ರ ಹೇಳುವುದು ಇದನ್ನೇ.

ವೃದ್ಧಾಶ್ರಮ ದೂರವಿದ್ದರೆ, ನಿಮ್ಮ ಶಾಲೆಯ ಸುತ್ತಲ ಹಳ್ಳಿಯ ನೀರನ್ನೇ ವರ್ಷದ ಕೆಲಸವಾಗಿ ಎತ್ತಿಕೊಳ್ಳಬಹುದು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಮತ್ತು ತುಮಕೂರು ಜಿಲ್ಲೆಯ ಪಾವಗಡದ ಕಡೆ ಆಳದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಇಲ್ಲಿನ ಗ್ರಾನೈಟ್ ಬಂಡೆಯಲ್ಲಿರುವ ಖನಿಜಗಳಿಂದ ಅದು ನೀರಿಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಒಪ್ಪಬಹುದು, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಇದಕ್ಕಿಂತ ಹೆಚ್ಚು ಒಳಗೆ ಹೋದರೆ ಹಲ್ಲಿನ ಮೇಲೆ ಬಿಳಿ, ಕಂದು ಕಲೆಗಳು ಬೀಳುತ್ತವೆ. ವರ್ಷಾನುಗಟ್ಟಲೆ ಹೋದರೆ ಮೂಳೆ, ಕೀಲುಗಳು ಬಿಗಿಯುತ್ತವೆ. ನೀರನ್ನು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ ಎಂಬುದು ಅನೇಕ ಮನೆಗಳಿಗೆ ತಿಳಿದಿಲ್ಲ. ಜಲಜೀವನ್ ಮಿಷನ್ ಅಡಿಯಲ್ಲಿ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ಟುಗಳನ್ನು ಕೊಟ್ಟು ಹಳ್ಳಿಯ ಹೆಂಗಸರಿಗೇ ತರಬೇತಿ ಕೊಡುವ ವ್ಯವಸ್ಥೆ ಇದೆ. ಆ ಹೆಂಗಸರೇ ನಿಮ್ಮ ಮಕ್ಕಳಿಗೆ ಪರೀಕ್ಷೆ ಮಾಡುವುದನ್ನು ಕಲಿಸಲಿ. ನಂತರ ಮಕ್ಕಳು ಮನೆ ಮನೆಗೆ ಹೋಗಿ, ಕುಡಿಯಲು ಯಾವ ನೀರು, ಅನ್ನ, ಮುದ್ದೆ, ಸಾರಿಗೆ ಯಾವ ನೀರು ಎಂದು ಬೇರೆ ಬೇರೆಯಾಗಿ ಕೇಳಿ ಬರೆದುಕೊಳ್ಳಲಿ; ಶುದ್ಧ ನೀರಿನ ಘಟಕದಿಂದ ಕ್ಯಾನು ತರುವವರೂ ಅಡುಗೆಗೆ ಕೊಳವೆಬಾವಿಯ ನೀರನ್ನೇ ಬಳಸುವುದು ಸಾಮಾನ್ಯ, ಫ್ಲೋರೈಡ್ ಆ ದಾರಿಯಿಂದಲೂ ಒಳಗೆ ಹೋಗುತ್ತದೆ. ಕಿಟ್ಟಿನಲ್ಲಿ ಹೆಚ್ಚು ಕಂಡ ನೀರನ್ನು ಪ್ರಯೋಗಾಲಯಕ್ಕೆ ಕಳಿಸಲು ಪಂಚಾಯಿತಿಯನ್ನು ಕೇಳಿಕೊಂಡು, ಬಂದ ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಓದಿ ಹೇಳುವುದು ಮಕ್ಕಳ ಕೆಲಸವಾಗಲಿ.

ನೀರಿನ ಕೆಲಸಕ್ಕೆ ನಾನು ಇಷ್ಟು ಒತ್ತು ಕೊಡಲು ಇನ್ನೊಂದು ಕಾರಣವಿದೆ, ಮತ್ತು ಇದು ನಿಮ್ಮ ಪ್ರಶ್ನೆಯಲ್ಲಿ ಇಲ್ಲದ ಮಾತು. ಆ ಕಂದು ಕಲೆಯ ಹಲ್ಲುಗಳು ನಿಮ್ಮ ತರಗತಿಯಲ್ಲೇ ಇವೆ. ಸಮುದಾಯ ಸೇವೆಯ ಕಾರ್ಯಕ್ರಮಗಳನ್ನು ರೂಪಿಸುವವರು, ಮಕ್ಕಳೆಲ್ಲ ಅನುಕೂಲವಂತರು, ಬಡವರು ಇರುವುದು ಬೇರೆಲ್ಲೋ ಎಂದು ಭಾವಿಸಿಕೊಂಡುಬಿಡುತ್ತಾರೆ. ಅಮೆರಿಕದ ಕ್ಯಾಥೊಲಿಕ್ ಪ್ರೌಢಶಾಲೆಗಳಲ್ಲಿ ಇಷ್ಟು ಗಂಟೆ ಸೇವೆ ಮಾಡಿರಬೇಕೆಂಬ ನಿಯಮಗಳು ಬೆಳೆದ ಸನ್ನಿವೇಶವೂ, ಬೆಂಗಳೂರಿನ ದೊಡ್ಡ ಕಾನ್ವೆಂಟುಗಳ ಸನ್ನಿವೇಶವೂ ನಿಮ್ಮ ಶಾಲೆಯದಲ್ಲ. ನಿಮ್ಮ ಮಕ್ಕಳಲ್ಲಿ ಟೊಮೆಟೊ ಬಿಡಿಸಲು ಬೆಳಗಿನ ಜಾವ ಹೊಲಕ್ಕೆ ಹೋಗಿ ಬರುವವರಿದ್ದಾರೆ, ಹಸು ಕರೆದು ಡೈರಿಗೆ ಹಾಲು ಹಾಕಿ ಬರುವವರಿದ್ದಾರೆ, ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ ಬರುವವರಿದ್ದಾರೆ, ಹಾಸಿಗೆ ಹಿಡಿದ ಅಜ್ಜಿಯನ್ನು ಮನೆಯಲ್ಲೇ ನೋಡಿಕೊಳ್ಳುವ ಹುಡುಗಿಯರಿದ್ದಾರೆ. ಇಂಥ ಮಗುವಿನ ಮೇಲೆ ಭಾನುವಾರದ ನಲವತ್ತು ಗಂಟೆ ಹೊರಿಸಿ, ಅದನ್ನು ಸೇವೆಯ ಪಾಠವೆಂದು ಕರೆಯುವುದು ಅನ್ಯಾಯ. ಆದ್ದರಿಂದ ಸೇವೆಯ ಸಮಯವೆಲ್ಲ ಶಾಲೆಯ ವೇಳಾಪಟ್ಟಿಯ ಒಳಗೇ ಬರಲಿ. ಮನೆಯಲ್ಲಿ ಹಿರಿಯರನ್ನೋ ಅಂಗವಿಕಲರನ್ನೋ ನೋಡಿಕೊಳ್ಳುವ ಮಗು ಆ ಕೆಲಸವನ್ನೇ ಸೇವೆಯೆಂದು ದಾಖಲಿಸಲು ಅವಕಾಶವಿರಲಿ. ಹಾಗೆಯೇ, ಸಹಾಯ ಕೊಡಬೇಕಾದ ಮನೆಗಳ ಪಟ್ಟಿಯನ್ನು ತರಗತಿಯಲ್ಲಿ ಎಂದಿಗೂ ಓದಬೇಡಿ, ಆ ಪಟ್ಟಿಯಲ್ಲಿ ನಿಮ್ಮದೇ ವಿದ್ಯಾರ್ಥಿಯ ಮನೆ ಇರಬಹುದು. ತಮ್ಮ ಊರಿನ, ತಾವು ಕುಡಿಯುವ ನೀರನ್ನು ತಾವೇ ಪರೀಕ್ಷಿಸುವ ಕೆಲಸದಲ್ಲಿ ಯಾರೂ ದಾನಿಯಲ್ಲ, ಯಾರೂ ಬೇಡುವವರಲ್ಲ. ಆ ಸಮಾನತೆ ನಿಮ್ಮಂಥ ಶಾಲೆಗೆ ಬಹಳ ಬೆಲೆಯುಳ್ಳದ್ದು.

ಈಗ ಕಲಿಕೆಯ ಮಾತಿಗೆ ಬರುತ್ತೇನೆ. ಹೊರಗೆ ಹೋಗಿ ಬಂದ ಮಾತ್ರಕ್ಕೆ ಮಗು ಕಲಿಯುವುದಿಲ್ಲ. ಹೋಗಿ ಬಂದದ್ದನ್ನು ಕೂತು ನೆನೆದು, ಮಾತಾಡಿ, ಬರೆದಾಗ ಕಲಿಯುತ್ತದೆ. ಕ್ರೈಸ್ತ ಶಿಕ್ಷಣ ಪರಂಪರೆಯೊಳಗೇ ಇದಕ್ಕೆ ಗಟ್ಟಿಯಾದ ಆಧಾರವಿದೆ. ಬೆಲ್ಜಿಯಮ್‌ನಲ್ಲಿ ದುಡಿಯುವ ಯುವಜನರ ನಡುವೆ ಕೆಲಸ ಮಾಡಿದ ಪಾದ್ರಿ ಜೋಸೆಫ್ ಕಾರ್ಡೈನ್ ಅವರು ಕಲಿಸಿದ ‘ನೋಡು, ತೂಗಿ ನೋಡು, ಮಾಡು’ ಎಂಬ ಕ್ರಮವನ್ನು ಕ್ಯಾಥೊಲಿಕ್ ವಿದ್ಯಾರ್ಥಿ ಚಳವಳಿಗಳು ಇಂದಿಗೂ ಬಳಸುತ್ತವೆ. ಜೆಸ್ವಿಟ್ ಪಾದ್ರಿಗಳ ಸಂಘವಾದ ಯೇಸುಸಭೆಯ ಅಂದಿನ ಮುಖ್ಯಸ್ಥರಾಗಿದ್ದ ಪೆದ್ರೊ ಅರುಪೆ ಅವರು 1973ರಲ್ಲಿ ಸ್ಪೇನಿನ ವೆಲೆನ್ಸಿಯಾದಲ್ಲಿ ತಮ್ಮ ಶಾಲೆಗಳ ಹಳೆಯ ವಿದ್ಯಾರ್ಥಿಗಳ ಎದುರು ನಿಂತು, ಇತರರಿಗಾಗಿ ಬದುಕುವವರನ್ನು ರೂಪಿಸುವುದೇ ಶಿಕ್ಷಣದ ಗುರಿಯೆಂದೂ, ನ್ಯಾಯವನ್ನು ಬಿಟ್ಟ ಪ್ರೀತಿ ಪ್ರೀತಿಯೇ ಅಲ್ಲವೆಂದೂ ವಾದಿಸಿದರು. ಅವರ ಶಾಲೆಗಳು ಅನುಸರಿಸುವ ಬೋಧನಾ ಕ್ರಮದಲ್ಲಿ ಅನುಭವಕ್ಕೂ ಮುಂದಿನ ಕ್ರಿಯೆಗೂ ನಡುವೆ ಚಿಂತನೆಗೆ ಕಡ್ಡಾಯವಾದ ಸ್ಥಾನವಿದೆ. ನಿಮ್ಮ ಆಡಳಿತ ಮಂಡಳಿಗೆ ಇದನ್ನು ತಿಳಿಸಿ, ಹೊರಗಿನ ಪ್ರತಿ ಎರಡು ಗಂಟೆಗೆ ತರಗತಿಯೊಳಗಿನ ಒಂದು ಗಂಟೆಯನ್ನು ಆ ನಲವತ್ತರೊಳಗೇ ಸೇರಿಸಲು ಕೇಳಿಕೊಳ್ಳಿ. ಆ ಒಂದು ಗಂಟೆ ಭೇಟಿಯ ಮಾರನೆಯ ದಿನವೋ ಅದರ ಮಾರನೆಯ ದಿನವೋ ಆಗಬೇಕು. ವಾರ ಕಳೆದರೆ ಮಕ್ಕಳ ನೆನಪಿನಲ್ಲಿ ಬಸ್ಸಿನ ಪ್ರಯಾಣ ಮಾತ್ರ ಉಳಿದಿರುತ್ತದೆ.

ಆ ಗಂಟೆಯಲ್ಲಿ ಏನು ಕೇಳಬೇಕೆಂಬುದರ ಮೇಲೆ ಎಲ್ಲವೂ ನಿಂತಿದೆ. ‘ನಿಮಗೆ ಹೇಗನ್ನಿಸಿತು?’ ಎಂದು ಕೇಳಿದರೆ ಅರವತ್ತು ದಿನಚರಿಗಳಲ್ಲಿಯೂ ‘ತುಂಬಾ ಸಂತೋಷವಾಯಿತು, ಬಡವರಿಗೆ ಸಹಾಯ ಮಾಡಬೇಕೆಂದು ತಿಳಿಯಿತು’ ಎಂಬ ಒಂದೇ ವಾಕ್ಯ ಬರುತ್ತದೆ, ಏಕೆಂದರೆ ಶಿಕ್ಷಕರಿಗೆ ಬೇಕಾದ ಉತ್ತರ ಅದೇ ಎಂದು ಮಕ್ಕಳಿಗೆ ಚೆನ್ನಾಗಿ ಗೊತ್ತು. ಅದರ ಬದಲು, ಅಲ್ಲಿ ಕೇಳಿದ ಒಂದು ಮಾತನ್ನು, ಆಡಿದವರು ಆಡಿದ ಭಾಷೆಯಲ್ಲೇ ಬರೆಯಿರಿ ಎನ್ನಿ. ನೀವು ಮೊದಲು ಅಂದುಕೊಂಡದ್ದರಲ್ಲಿ ತಪ್ಪೆಂದು ತಿಳಿದದ್ದು ಯಾವುದು ಎಂದು ಕೇಳಿ. ನಾವು ಹೋಗದೆ ಇದ್ದಿದ್ದರೆ ಅಲ್ಲಿ ಯಾವ ಕೆಲಸ ನಿಲ್ಲುತ್ತಿತ್ತು ಎಂದು ಕೇಳಿ; ಯಾವುದೂ ನಿಲ್ಲುತ್ತಿರಲಿಲ್ಲ ಎಂದು ಒಂದು ಮಗು ಧೈರ್ಯವಾಗಿ ಬರೆದರೆ ಅದನ್ನು ಮೆಚ್ಚಿ, ಆ ಮಾತಿನಿಂದಲೇ ಮುಂದಿನ ಭೇಟಿಯನ್ನು ಯೋಜಿಸಿ. ಕೆಲವು ತಿಂಗಳ ನಂತರ ಕಷ್ಟದ ಪ್ರಶ್ನೆಗಳಿಗೆ ಹೋಗಿ: ಈ ಹಿರಿಯರು ಇಲ್ಲಿಗೆ ಬರಲು ಕಾರಣವೇನು, ಈ ಹಳ್ಳಿಯ ಶುದ್ಧ ನೀರಿನ ಘಟಕ ಕೆಟ್ಟು ನಿಂತಾಗ ಅದನ್ನು ಸರಿಪಡಿಸಬೇಕಾದವರು ಯಾರು, ಅವರು ಯಾಕೆ ಮಾಡುತ್ತಿಲ್ಲ, ನಾವು ಮಾಡುತ್ತಿರುವ ಕೆಲಸದಿಂದ ಅವರ ಹೊಣೆ ತಪ್ಪಿಹೋಗುತ್ತಿದೆಯೇ. ಹದಿನಾಲ್ಕು ವರ್ಷದ ಮಕ್ಕಳಿಗೆ ಇದು ಹೆಚ್ಚಾಯಿತೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಮನೆಯಲ್ಲಿ ಸಾಲದ ಮಾತು, ಬೋರ್‌ವೆಲ್ ಬತ್ತಿದ ಮಾತು ದಿನವೂ ಕಿವಿಗೆ ಬೀಳುವ ಮಕ್ಕಳು ಇವರು. ಅವರಿಗೆ ಗೊತ್ತಿರುವಷ್ಟನ್ನು ತರಗತಿಯಲ್ಲಿ ಹೇಳಲು ನಾವು ಬಿಡುವುದಿಲ್ಲ, ಅಷ್ಟೆ.

ಕ್ರೈಸ್ತ ಎಂಬ ಹೆಸರಿನ ವಿಷಯದಲ್ಲಿ ನನ್ನ ಸಲಹೆ ಕೆಲವರಿಗೆ ಅಚ್ಚರಿಯೆನಿಸಬಹುದು: ಹೆಸರನ್ನು ತೆಗೆಯಬೇಡಿ. ಪೋಷಕರಿಗೆ ಅನುಮಾನ ಬಂದಿತೆಂದು ‘ಮೌಲ್ಯ ಶಿಕ್ಷಣ’ ಎಂದು ಹೆಸರು ಬದಲಿಸಿದರೆ ಅನುಮಾನ ಇಮ್ಮಡಿಯಾಗುತ್ತದೆ, ಮುಚ್ಚಿಟ್ಟದ್ದೇನೋ ಇದೆಯೆಂಬ ಭಾವನೆ ಬಲಿಯುತ್ತದೆ. ಈ ಶಾಲೆಯನ್ನು ನಡೆಸುವವರು ಯೇಸುವಿನ ಮಾತಿನಂತೆ ಸೇವೆ ಮಾಡಬೇಕೆಂದು ನಂಬಿದವರು, ಆದ್ದರಿಂದ ಈ ಕಾರ್ಯಕ್ರಮವಿದೆ, ಆದರೆ ಇದರಲ್ಲಿ ಪಾಲ್ಗೊಳ್ಳಲು ನೀವು ಅದನ್ನು ನಂಬಬೇಕಾಗಿಲ್ಲ ಎಂದು ಮಕ್ಕಳಿಗೂ ಪೋಷಕರಿಗೂ ಬಿಚ್ಚಿ ಹೇಳುವುದೇ ಪ್ರಾಮಾಣಿಕವಾದ ದಾರಿ. ಸುವಾರ್ತೆಯೇ ಇದಕ್ಕೆ ಒತ್ತಾಸೆಯಾಗಿದೆ. ಹಸಿದವರಿಗೆ, ಬಾಯಾರಿದವರಿಗೆ, ಸೆರೆಯಲ್ಲಿದ್ದವರಿಗೆ ಮಾಡಿದ್ದು ನನಗೇ ಮಾಡಿದಂತೆ ಎಂದು ಯೇಸು ಹೇಳುವ ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ, ಹಾಗೆ ಮಾಡಿದವರಿಗೆ ತಾವು ಯಾರಿಗೆ ಮಾಡಿದೆವೆಂಬುದೇ ತಿಳಿದಿರಲಿಲ್ಲ. ಯೇಸು ಹೇಳಿದ ಕಥೆಯಲ್ಲಿ, ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಎತ್ತಿದ ಸಮಾರ್ಯದವನು ಅವನ ಮತವನ್ನು ಕೇಳಲಿಲ್ಲ, ತನ್ನ ಮತವನ್ನು ಹೇಳಲಿಲ್ಲ, ಛತ್ರದವನಿಗೆ ಹಣ ಕೊಟ್ಟು ತನ್ನ ದಾರಿ ಹಿಡಿದ. ಯೇಸುವಿನ ಕೇಳುಗರಾದ ಯೆಹೂದ್ಯರಿಗೆ ಅವನು ಪರಕೀಯನೂ ಆಗಿದ್ದ. ಯೇಸು ತಾನೇ ಗುರುವಾಗಿದ್ದೂ ಶಿಷ್ಯರ ಕಾಲು ತೊಳೆದ ಪ್ರಸಂಗವನ್ನು ಓದಿದವರು, ಸೇವೆ ಮಾಡುವವನು ಮೇಲೆ, ಪಡೆಯುವವನು ಕೆಳಗೆ ಎಂದು ಮಕ್ಕಳಿಗೆ ಕಲಿಸಲು ಸಾಧ್ಯವೇ ಇಲ್ಲ. ಸೇವೆ ಪಡೆಯುವವರನ್ನು ಗುರುಗಳಾಗಿ ಕಾಣಬೇಕೆಂದು ಆರಂಭದಲ್ಲಿ ಹೇಳಿದ್ದು ಈ ಅರ್ಥದಲ್ಲಿ ಪೂರ್ಣವಾಗಿ ಕ್ರೈಸ್ತವಾದದ್ದು.

ಪೋಷಕರ ಪ್ರಶ್ನೆಯನ್ನು ಅವಮಾನವೆಂದು ತೆಗೆದುಕೊಳ್ಳಬೇಡಿ. ಅದಕ್ಕೆ ನಿಮ್ಮ ಜಿಲ್ಲೆಯಲ್ಲೇ ಒಂದು ಇತಿಹಾಸವಿದೆ, ಮತ್ತು ಆ ಇತಿಹಾಸವನ್ನು ಮಕ್ಕಳಿಗೆ ಎರಡೂ ಕಡೆಯಿಂದ ಹೇಳುವ ಧೈರ್ಯ ಶಾಲೆಗೆ ಇರಬೇಕು. ಮೈಸೂರು ಸಂಸ್ಥಾನದ ಜನಸಂಖ್ಯೆಯಲ್ಲಿ ಸುಮಾರು ಐದನೆಯ ಒಂದು ಭಾಗವನ್ನು ನುಂಗಿತೆನ್ನಲಾದ 1876–78ರ, ಧಾತು ಮತ್ತು ಈಶ್ವರ ಸಂವತ್ಸರಗಳ ಬರಗಾಲದಲ್ಲಿ, ಕೋಲಾರದಲ್ಲಿ ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ತಬ್ಬಲಿ ಮಕ್ಕಳಿಗಾಗಿ ಅನಾಥಾಲಯ ನಡೆಸಿದರು. ಮುಂದೆ ಆ ಕೆಲಸ ಅಮೆರಿಕದ ಮೆಥೊಡಿಸ್ಟ್ ಮಿಷನ್ನಿನ ಕೈಗೆ ಬಂತು. ಸಾಯಲಿದ್ದ ಮಕ್ಕಳು ಅಲ್ಲಿ ಬದುಕಿದರು ಎಂಬುದು ನಿಜ, ಹಾಗೆ ಬದುಕಿದವರು ಕ್ರೈಸ್ತರಾಗಿ ಬೆಳೆದರು ಎಂಬುದೂ ನಿಜ. ಇನ್ನೊಂದು ಕಡೆ, ಕೋಲಾರದ ಮೆಥೊಡಿಸ್ಟರ ಇ.ಟಿ.ಸಿ.ಎಂ. ಆಸ್ಪತ್ರೆ ಮತ್ತು ಲಂಡನ್ ಮಿಷನ್ ಕಾಲದಲ್ಲಿ ಶುರುವಾದ ಚಿಕ್ಕಬಳ್ಳಾಪುರದ ಸಿ.ಎಸ್.ಐ. ಆಸ್ಪತ್ರೆ, ಎರಡೂ ನೂರು ವರ್ಷ ದಾಟಿದವು. ಈ ಸೀಮೆಯ ಎಷ್ಟೋ ಹಿಂದೂ, ಮುಸ್ಲಿಂ ಕುಟುಂಬಗಳ ಹೆರಿಗೆಗಳು ಅಲ್ಲಿ ಆಗಿವೆ, ತಾಯಿ ಮಗು ಮನೆಗೆ ಮರಳಿ ತಮ್ಮ ದೇವರಿಗೇ ಹಣ್ಣುಕಾಯಿ ಮಾಡಿಸಿವೆ. ಅಜ್ಜಿಯರನ್ನು ಕೇಳಿದರೆ ಮಕ್ಕಳಿಗೆ ಈ ಕಥೆಗಳು ಮನೆಯಲ್ಲೇ ಸಿಗುತ್ತವೆ. ಹಳೆಯ ಮಿಷನ್ ಕೆಲಸದ ಒಳಿತನ್ನೂ, ಅದರ ಬಗ್ಗೆ ಜನರಿಗಿದ್ದ ಆತಂಕವನ್ನೂ ಒಟ್ಟಿಗೆ ಓದಿದ ಮಗು ಇತಿಹಾಸವನ್ನು ಓದಲು ಕಲಿಯುತ್ತದೆ.

ಕಾನೂನಿನ ಮಾತೂ ಸ್ಪಷ್ಟವಾಗಿದೆ. ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಇಚ್ಛೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಕೊಡುತ್ತದೆ; ಅದೇ ಸಂವಿಧಾನದ 28ನೆಯ ವಿಧಿಯ ಮೂರನೆಯ ಉಪವಿಧಿ, ಸರ್ಕಾರದ ಮಾನ್ಯತೆಯನ್ನೋ ಅನುದಾನವನ್ನೋ ಪಡೆದ ಸಂಸ್ಥೆಯಲ್ಲಿ ಓದುವ ಯಾರನ್ನೂ, ಅವರು ಅಪ್ರಾಪ್ತರಾಗಿದ್ದರೆ ಪೋಷಕರ ಒಪ್ಪಿಗೆಯಿಲ್ಲದೆ, ಧಾರ್ಮಿಕ ಬೋಧನೆಯಲ್ಲಾಗಲಿ ಪೂಜೆ ಪ್ರಾರ್ಥನೆಯಲ್ಲಾಗಲಿ ಭಾಗವಹಿಸಲು ಒತ್ತಾಯಿಸಬಾರದೆಂದು ಹೇಳುತ್ತದೆ. ಇದನ್ನು ನಿಮ್ಮ ಕೆಲಸಕ್ಕೆ ಅನ್ವಯಿಸಿದರೆ, ಸೇವೆಯ ಭೇಟಿಗೂ ಪ್ರಾರ್ಥನೆಗೂ ಗಂಟು ಹಾಕಬಾರದು, ಕರಪತ್ರ, ಪುಸ್ತಕ ಹಂಚಬಾರದು, ಸೇವೆ ಪಡೆಯುವವರನ್ನು ಪ್ರಾರ್ಥನೆಗೆ ಕರೆಯಬಾರದು ಎಂದಾಗುತ್ತದೆ. ಕ್ರೈಸ್ತ ಮಕ್ಕಳು ಹೊರಡುವ ಮುನ್ನ ಪ್ರಾರ್ಥಿಸಲು ಬಯಸಿದರೆ ಶಾಲೆಯ ಪ್ರಾರ್ಥನಾಲಯದಲ್ಲಿ ತಾವಾಗಿ ಸೇರಲಿ, ಉಳಿದವರು ಅದಕ್ಕಾಗಿ ಹೊರಗೆ ಕಾಯುತ್ತ ನಿಲ್ಲುವಂತಾಗದಿರಲಿ. ತರಗತಿಯ ಚಿಂತನೆಯ ಗಂಟೆಯಲ್ಲಿ ಪ್ರತಿ ಮಗುವೂ ತನ್ನ ಮನೆಯಲ್ಲಿ ಸೇವೆಯ ಬಗ್ಗೆ ಕೇಳಿದ ಮಾತನ್ನು ತರಲಿ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮೀಜಿಯವರು ದಶಕಗಟ್ಟಲೆ ನಡೆಸಿದ ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ಬಲ್ಲ ಮಕ್ಕಳು ನಿಮ್ಮಲ್ಲಿ ಇದ್ದೇ ಇರುತ್ತಾರೆ. ರಂಜಾನ್ ತಿಂಗಳಲ್ಲಿ ಮನೆಯ ಲೆಕ್ಕ ಹಾಕಿ ಝಕಾತ್ ಎಂಬ ಕಡ್ಡಾಯ ದಾನದ ಪಾಲನ್ನು ತೆಗೆದಿಡುವುದನ್ನು ಕಂಡ ಮಕ್ಕಳೂ ಇರುತ್ತಾರೆ. ಪಕ್ಕದ ಬೆಂಚಿನ ಗೆಳೆಯನ ಮನೆಯಲ್ಲಿ ಸೇವೆಗೆ ಇರುವ ಕಾರಣ ಯಾವುದೆಂದು ತಿಳಿಯುವುದು ಕ್ರೈಸ್ತ ಮಗುವಿಗೂ ಕಲಿಕೆಯೇ.

ಗಂಟೆಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ರಾಷ್ಟ್ರೀಯ ಸೇವಾ ಯೋಜನೆ 1969ರಿಂದ ನಡೆಯುತ್ತಿದ್ದು ವರ್ಷಕ್ಕೆ 120 ಗಂಟೆ ಕೇಳುತ್ತದೆ, ಐಸಿಎಸ್‌ಇ ಪಠ್ಯಕ್ರಮದಲ್ಲಿ ಸಮುದಾಯ ಸೇವೆಗೆ ಶಾಲೆಯೇ ಶ್ರೇಣಿ ಕೊಡಬೇಕಾಗಿದೆ. ಆದ್ದರಿಂದ ಗಂಟೆ ಎಣಿಸುವುದು ತಪ್ಪೇನಲ್ಲ. ಆದರೆ ಸೇವೆಗೆ ಅಂಕ ಕೊಡಬೇಡಿ, ದಿನಚರಿಗೂ ಮಾತಿಗೂ ಕೊಡಿ. ಆವರಣ ಗುಡಿಸುವುದನ್ನು ಶಾಲೆಯ ದಿನನಿತ್ಯದ ಶಿಸ್ತಾಗಿ ಇಟ್ಟುಕೊಂಡು ಈ ಲೆಕ್ಕದಿಂದ ಹೊರಗಿಡಿ, ಶಿಕ್ಷೆಯ ರೂಪದಲ್ಲಂತೂ ಸೇವೆಯನ್ನು ಎಂದಿಗೂ ಕೊಡಬೇಡಿ.

ಫೋಟೊ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಬೋಧನೆಯ ಮೇಲೆ ನಿಂತ ಸಂಸ್ಥೆಗೆ ಇದನ್ನು ಹೇಳುವುದು ಕಷ್ಟವಾಗಬಾರದು. ವೃದ್ಧರ, ರೋಗಿಗಳ ಮುಖ ಯಾವ ವಾಟ್ಸ್‌ಆ್ಯಪ್ ಗುಂಪಿಗೂ ವಾರ್ಷಿಕ ವರದಿಗೂ ಹೋಗಬಾರದು; ಮಕ್ಕಳ ಪಾಲನಾ ಸಂಸ್ಥೆಗಳಲ್ಲಿರುವ ಮಕ್ಕಳ ಗುರುತನ್ನು ಮಾಧ್ಯಮಗಳಲ್ಲಿ ಬಯಲು ಮಾಡುವುದನ್ನು 2015ರ ಬಾಲನ್ಯಾಯ ಕಾಯ್ದೆ ನಿಷೇಧಿಸುತ್ತದೆ. ವರದಿಗೆ ಚಿತ್ರ ಬೇಕೇಬೇಕೆಂದರೆ ನೀರಿನ ಪರೀಕ್ಷೆಯ ನಕ್ಷೆ ಇದೆ, ಮಕ್ಕಳು ಬರೆದುಕೊಂಡ ಪುಟವಿದೆ. ಸುರಕ್ಷತೆಯ ಬಗ್ಗೆಯೂ ಅಷ್ಟೇ ಎಚ್ಚರ ಬೇಕು: ಪ್ರತಿ ತಂಡದ ಜೊತೆಗೆ ಇಬ್ಬರು ದೊಡ್ಡವರಿರಬೇಕು, ಅವರಲ್ಲೊಬ್ಬರು ಹೆಂಗಸಾಗಿರಬೇಕು, ಯಾವ ಮಗುವನ್ನೂ ಮುಚ್ಚಿದ ಕೋಣೆಯಲ್ಲಿ ಯಾರೊಬ್ಬರ ಜೊತೆಗೂ ಬಿಡಬಾರದು, ಕೆರೆ, ಕಲ್ಯಾಣಿಗಳ ಹೂಳೆತ್ತುವ ಕೆಲಸಕ್ಕೆ ಪ್ರೌಢಶಾಲೆಯ ಮಕ್ಕಳನ್ನು ಇಳಿಸಲೇಬಾರದು, ಕ್ಷಯದ ಚಿಕಿತ್ಸೆ ಈಗಷ್ಟೇ ಆರಂಭವಾದ ರೋಗಿಗಳ ಹತ್ತಿರ ಕರೆದೊಯ್ಯಬಾರದು.

ಬೇಸಿಗೆ ರಜೆಯ ನಂತರ ಶಾಲೆ ತೆರೆದ ಕೂಡಲೇ, ಮೊದಲ ಭೇಟಿಗೆ ಮುಂಚೆ, ಪೋಷಕರಿಗೆ ಒಂದು ಪತ್ರ ಹೋಗಲಿ. ಹೀಗೆ ಬರೆಯಬಹುದು: ‘ನಮ್ಮ ಶಾಲೆಯನ್ನು ನಡೆಸುವವರು ಕ್ರೈಸ್ತರು. ನೆರೆಯವರ ಸೇವೆ ತಮ್ಮ ನಂಬಿಕೆಯ ಭಾಗವೆಂದು ಅವರು ಭಾವಿಸುವುದರಿಂದ ಒಂಬತ್ತನೆಯ ತರಗತಿಯ ಮಕ್ಕಳಿಗೆ ಈ ಕಾರ್ಯಕ್ರಮವಿದೆ. ಈ ವರ್ಷ ಮಕ್ಕಳು ಮಾಡುವ ಕೆಲಸ ಇದು, ಹೋಗುವ ಜಾಗ ಇದು, ಜೊತೆಗಿರುವ ಶಿಕ್ಷಕರು ಇವರು. ಇದರಲ್ಲಿ ಪ್ರಾರ್ಥನೆಯಾಗಲಿ ಮತಬೋಧನೆಯಾಗಲಿ ಇರುವುದಿಲ್ಲ. ಎಲ್ಲವೂ ಶಾಲೆಯ ಸಮಯದಲ್ಲೇ ನಡೆಯುತ್ತದೆ. ನಿಮ್ಮ ಮಗು ಬೇರೆ ಕೆಲಸವನ್ನು ಆರಿಸಿಕೊಳ್ಳಲು ಬಯಸಿದರೆ ತಿಳಿಸಿರಿ, ಅದಕ್ಕಾಗಿ ಅಂಕ ಕಡಿಮೆಯಾಗುವುದಿಲ್ಲ. ಯಾವ ದಿನವಾದರೂ ಜೊತೆಗೆ ಬಂದು ನೋಡಲು ನಿಮಗೆ ಸ್ವಾಗತ.’ ಕನ್ನಡದಲ್ಲಿಯೂ, ಬೇಕಾದವರಿಗೆ ಉರ್ದು ಮತ್ತು ತೆಲುಗಿನಲ್ಲಿಯೂ ಇದನ್ನು ಕೊಟ್ಟು ಸಹಿ ಪಡೆಯಿರಿ. ಓದಲು ಬಾರದ ಪೋಷಕರಿಗೆ ನೀವೇ ಓದಿ ಹೇಳಿ. ಹೋದ ವರ್ಷ ಪ್ರಶ್ನೆ ಕೇಳಿದ ಆ ಇಬ್ಬರು ಪೋಷಕರನ್ನು ಮೊದಲ ಭೇಟಿಗೇ ಜೊತೆಗೆ ಬರುವಂತೆ ಕರೆಯಿರಿ. ಅವರು ಒಪ್ಪಿ ಬಂದರೆ, ಆ ದಿನ ಮಕ್ಕಳ ತಂಡಕ್ಕೆ ಬೇಕಾದ ಇಬ್ಬರು ದೊಡ್ಡವರಲ್ಲಿ ಒಬ್ಬರ ಸ್ಥಾನವನ್ನು ಅವರಿಗೇ ಕೊಡಿ.